ಬಲಕ್ಕೆ ಒಂದು ಬೆರಳು

ಬೊಳ್ಳಮ್ಮ ಡಾಕ್ಟ್ರ ಫಿಯೆಟ್ಟು
ಬ್ರೇಕ್ ತುಳಿದರೆ ಎಡಕ್ಕೆ ಎಳೆಯುತ್ತಿತ್ತು.
ಹೆಚ್ಚೇನಲ್ಲ,
ಮೂಗುದಾರ ಹಿಡಿದವನ ಮಾತು
ಅರ್ಧ ಮಾತ್ರ ಕೇಳುವ ಹಸುವಿನಷ್ಟು.
ಮೂವತ್ತೊಂದು ವರ್ಷ ದನದ ಡಾಕ್ಟ್ರು,
ಮಾದಾಪುರ, ಗರಗಂದೂರು, ಹರದೂರು,
ಹಿಂದಿನ ಸೀಟಿನಲ್ಲಿ ಹಗ್ಗ, ಔಷಧಿ ಪೆಟ್ಟಿಗೆ,
ತೋಳುದ್ದದ ಕೈಗವಸು,
ಒಮ್ಮೆ ಗೋಣಿಯಲ್ಲಿ ಸುತ್ತಿದ ಕರು.

ಈಗ ಮಂಡಿಯೊಳಗೆ ಸ್ಟೀಲು ಕೂತಿದೆ.
‘ನನಗೆ ಹೊಸ ಪಾರ್ಟು ಬಿತ್ತು, ಇದಕ್ಕೂ ಹಾಕು’
ಎಂದು ಕೀಲಿಕೈ ಬೆಂಚಿನ ಮೇಲಿಟ್ಟು
ಸುಂಟಿಕೊಪ್ಪದ ಸಂತೆಗೆ ಕುಂಟುತ್ತ ಹೋದರು.

ಡ್ರಮ್ಮು ಸುಲಭಕ್ಕೆ ಬಿಡಲಿಲ್ಲ.
ಸುತ್ತಲೂ ಬಡಿದೆ, ಸೀಮೆಎಣ್ಣೆ ಕುಡಿಸಿದೆ,
ಚಾ ಕುಡಿದು ಬಂದು ಮತ್ತೆ ಬಡಿದೆ.
ಕಳಚಿದಾಗ ಒಳಗೆಲ್ಲ ಕಪ್ಪು ಹುಡಿ.
ಸುಂದ್ರ ಬಗ್ಗಿ ಊದಲು ಹೊರಟ.
‘ಊದಬೇಡವೋ! ಒದ್ದೆ ಬಟ್ಟೆ ತಾ.’
ನನಗೆ ಕಲಿಸಿದ ಮೊಯ್ದು ಇಕ್ಕ ಊದುತ್ತಿದ್ದರು,
ದಿನಕ್ಕೆ ಎಂಟು ಗಾಲಿ.
ಕೊನೆಗೆ ಊದಲು ಉಸಿರಿರಲಿಲ್ಲ.

ಬಲಗಡೆಯ ಸಿಲಿಂಡರು ತುಕ್ಕಿಗೆ ಕಚ್ಚಿಕೊಂಡು
ಎಂದೋ ಸತ್ತಿತ್ತು.
ಅಂದರೆ ಇಷ್ಟು ವರ್ಷ ಇಳಿಜಾರಿನಲ್ಲಿ
ಮುಂದಿನ ಎಡಗಾಲಿ ಒಂಟಿಯಾಗಿ ದುಡಿದಿದೆ,
ಡಾಕ್ಟ್ರ ಕೈ ಉಳಿದದ್ದನ್ನು ತಿದ್ದಿದೆ.
ದೂರು ಹೇಳಿದವರಿಲ್ಲ.

ಡ್ರಮ್ಮಿಗೆ ಒಂದು ಉಪಾಯ ಗೊತ್ತು:
ಓಡುವ ಗಾಲಿಯೇ ಷೂವನ್ನು ಸೆಳೆದುಕೊಂಡು
ತನ್ನ ಬಿಗಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ.
ಡಿಸ್ಕು ಹಾಗಲ್ಲ.
ಗಾಳಿಗೆ ತೆರೆದ ಬರೀ ತಟ್ಟೆ,
ಎಷ್ಟು ತುಳಿದರೆ ಅಷ್ಟೇ ಹಿಡಿತ,
ಮಿಕ್ಕಿದ್ದು ಕಾಲಿನ ಪಾಡು.
ಡಾಕ್ಟ್ರ ಕಾಲು ಅರ್ಧ ಆಸ್ಪತ್ರೆಯದ್ದಾದ್ದರಿಂದ
ಗುಜರಿಯ ಓಮ್ನಿಯೊಂದರಿಂದ ಬೂಸ್ಟರು ಕೂರಿಸಿದೆ.

ಕುಶಾಲನಗರದ ಲೇತಿನಲ್ಲಿ ಫೆಲಿಕ್ಸ್
ಬ್ರ್ಯಾಕೆಟ್ಟನ್ನು ಮೂರು ಸಲ ಕಡೆದ.
ಮೊದಲ ಸಲ ಕ್ಯಾಲಿಪರು ರಿಮ್ಮಿಗೆ ಉಜ್ಜಿತು,
ಎರಡು ಮಿಲಿಮೀಟರು, ಒಂದು ಅಕ್ಕಿಕಾಳು.
ಎರಡನೆಯದು ನನ್ನದೇ ತಪ್ಪು, ಅಳತೆ ತಲೆಕೆಳಗೆ ಬರೆದಿದ್ದೆ.
ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪುಟ್ಟದೊಂದು ವಾಲ್ವು:
ಕಾಲು ತೆಗೆದ ಮೇಲೂ ಪೈಪಿನಲ್ಲಿ
ಚೂರು ಒತ್ತಡ ಹಿಡಿದಿಡುತ್ತದೆ.
ಡ್ರಮ್ಮಿಗೆ ಅದು ಬೇಕು.
ಡಿಸ್ಕಿಗೆ ಬಿಟ್ಟರೆ ಪೂರ್ತಿ ಬಿಡಬೇಕು,
ಇಲ್ಲವಾದರೆ ಸುಮ್ಮನೆ ಹೋಗುವಾಗಲೂ ಸುಡುತ್ತದೆ.
ತೆಗೆದೆ.

ಆಮೇಲೆ ಗಾಳಿ ಬಿಡಿಸುವ ಕೆಲಸ.
ತುಳಿ.
ಹಿಡಿ.
ಬಿಡು.
ಸುಂದ್ರ ಒಳಗೆ, ನಾನು ಗಾಲಿಯ ಕೆಳಗೆ.
ತುಳಿ, ಹಿಡಿ, ಬಿಡು.
ಬಾಟಲಿಯಲ್ಲಿ ಗುಳ್ಳೆ, ಮತ್ತೆ ಗುಳ್ಳೆ,
ಕತ್ತಲಾಗುವ ಹೊತ್ತಿಗೆ ಗುಳ್ಳೆ ನಿಂತಿತು.

ಮಾರ್ಚ್ ತಿಂಗಳು. ಬೋಯಿಕೇರಿಯ ಇಳಿಜಾರು.
ಎರಡೂ ಬದಿ ರೊಬಸ್ಟಾ ಬೆಳ್ಳಗೆ ಬಿರಿದು
ಕಾರಿನೊಳಗೂ ಹೂವಿನ ವಾಸನೆ.
‘ತುಳಿಯಿರಿ ಡಾಕ್ಟ್ರೇ.’
ತುಳಿದರು.
ಬ್ರೇಕು ನೂಲು ಹಿಡಿದಂತೆ ನೇರ ಹಿಡಿಯಿತು,
ಕಾರು ಮಾತ್ರ ಬಲಕ್ಕೆ ಹೊರಳಿ
ಬಿಳಿ ಗೆರೆ ದಾಟಿ ನಿಂತಿತು.
ಎದುರಿನ ಲಾರಿಯವ ಇಳಿದೇ ಬಂದು ಬೈದ.

ಕ್ಯಾಲಿಪರು ನೋಡಿದೆ, ಪೈಪು ನೋಡಿದೆ,
ಎಲ್ಲ ಸರಿಯಾಗಿತ್ತು.
ಡಾಕ್ಟ್ರು ಸ್ಟೇರಿಂಗಿನ ಮೇಲಿನ ತನ್ನ ಕೈಯನ್ನೇ
ಯಾರದೋ ಕೊಟ್ಟಿಗೆಯ ಹಸುವಿನಂತೆ ಪರೀಕ್ಷಿಸುತ್ತಿದ್ದರು.
‘ಕಾರಿನದ್ದಲ್ಲ ಮಾರಾಯ, ನನ್ನದು.
ಇಲ್ಲದ ಎಳೆತಕ್ಕೆ
ಬಲಕ್ಕೆ ಒಂದು ಬೆರಳು ಹೋಗುತ್ತದೆ.’

ಭಾನುವಾರ ಶಾಲೆಯ ಮೈದಾನದಲ್ಲಿ
ಹುಡುಗರ ಹಾಕಿ ಮುಗಿಯುವವರೆಗೆ ಕಾದು
ಇಪ್ಪತ್ತು ಸಲ ಓಡಿಸಿದರು, ಇಪ್ಪತ್ತು ಸಲ ನಿಲ್ಲಿಸಿದರು.
ಹದಿನೇಳು ಸಲ ಬಲಕ್ಕೆ.
ನಾನು ನಗಲಿಲ್ಲ.
ಮೊಯ್ದು ಇಕ್ಕನ ಬಲಗಿವಿ ಕೇಳುತ್ತಿರಲಿಲ್ಲವೆಂದು
ಇವತ್ತಿಗೂ ನಾನು ಬೆಂಚಿನ ಎಡಕ್ಕೇ ನಿಲ್ಲುತ್ತೇನೆ,
ಜೋರಾಗಿ ಮಾತಾಡುತ್ತೇನೆ.

ಬಿಲ್ಲು ಬರೆದುಕೊಟ್ಟೆ. ಐನೂರು ಕಡಿಮೆ ಮಾಡಿಸಿದರು.
ಎಡಗಡೆಯ ಡ್ರಮ್ಮನ್ನು ಕೇಳಿ ಪಡೆದು
ಡಿಕ್ಕಿಯಲ್ಲಿ ಹಾಕಿಸಿಕೊಂಡರು, ಯಾಕೆಂದು ಹೇಳಲಿಲ್ಲ.
ಬಲಗಡೆಯದು ಇಲ್ಲೇ ಅಂಗಳದಲ್ಲಿದೆ,
ಸುಂದ್ರನ ಕೋಳಿಗಳು ಅದರಲ್ಲಿ ನೀರು ಕುಡಿಯುತ್ತವೆ.