ನಾಲಗೆ ಮಡಿಸಿದ ವರ್ಷ

ಮೊದಲ ದಿನ. ಹಿಂದಿನ ಸಾಲಿನ ಹುಡುಗ
ಮರ್ಯಾದೆಯಿಂದಲೇ ಎದ್ದು ಕೇಳಿದ:
‘ಇಂಗ್ಲಿಷ್ ಟೀಚರು ಯಾವಾಗ ಬರುತ್ತಾರೆ?’
ಬಂದಿದ್ದಾರಪ್ಪ, ಅಂದೆ.
ಅವನು ಬಾಗಿಲ ಕಡೆ ನೋಡಿದ.

ಹಲ್ ಎಂಬ ಊರು.
ಹಂಬರ್ ಹೊಳೆ ಕೆಸರು ಬಣ್ಣದಲ್ಲೇ ಕಡಲಾಗುವ ಜಾಗ.
ಇಲ್ಲಿ ಟೆಲಿಫೋನ್ ಡಬ್ಬಿಗಳು ಕೆಂಪಲ್ಲ, ಹಾಲಿನ ಕೆನೆ.
ಕೆಂಪು ಡಬ್ಬಿಯ ಪಕ್ಕ ಫೋಟೊ ತೆಗೆಸಿಕೊಳ್ಳಬೇಕೆಂದು
ಚೀನಾದಿಂದ ಬಂದ ಹತ್ತೊಂಬತ್ತು ಹುಡುಗ ಹುಡುಗಿಯರಿಗೆ
ಅದು ಮೊದಲ ಮೋಸ.
ನಾನು ಎರಡನೆಯದು.

ಹಾಜರಿಯಲ್ಲಿ ಲೆಮನ್, ಸೀಸರ್, ವಿಂಟರ್.
ಎದೆಯ ಬಿಲ್ಲೆಯಲ್ಲಿ ನಾನು ಕಲಾ.
ಗಜೇಂದ್ರಗಡದ ಗುಡ್ಡದ ದೇವರಿಗೆ ಹರಕೆ ಹೊತ್ತು ಹಡೆದು
ಕಳಕವ್ವ ಎಂದು ಕರೆದಿದ್ದರು ಮನೆಯಲ್ಲಿ;
ಕಾಲೇಜು ಸೇರಿದ ದಿನ ನಾಲಗೆ ನೆಟ್ಟಗೆ ಮಾಡಿಕೊಂಡು
ಆ ಳಕಾರವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟೆ.

ಅಕ್ಟೋಬರು ಪೂರಾ ‘ಎ’, ‘ಆನ್’, ‘ದ’.
ಅವರ ಭಾಷೆಯಲ್ಲಿ ಇಲ್ಲ, ನನ್ನದರಲ್ಲೂ ಇಲ್ಲ.
ಒಲೆ ಕಾಣದವಳು ಅಡುಗೆ ಹೇಳಿಕೊಟ್ಟ ಹಾಗೆ
ನಿಯಮ ಹೇಳಿದೆ, ನಿಯಮಕ್ಕೆ ಹನ್ನೊಂದು ಅಪವಾದ ಹೇಳಿದೆ.
ಪಕ್ಕದ ಕೋಣೆಯ ಫಿಲಿಪ್ಪಾಗೆ ನಿಯಮವೇ ಗೊತ್ತಿಲ್ಲ:
‘ಕಿವಿಗೆ ಸರಿ ಅನ್ನಿಸುತ್ತಲ್ಲ, ಅಷ್ಟೆ.’
ಇಪ್ಪತ್ತು ಜೋಡಿ ಕಿವಿ
ಏನೂ ಅನ್ನಿಸದೆ ಕೂತಿದ್ದವು.

ಮೋ ಯಾಚಿನ್ ತನ್ನ ತಾಯಿಯನ್ನು ‘ಹಿ’ ಎಂದು ಬರೆದಳು.
ತಿದ್ದಿದೆ. ಮರುವಾರವೂ ‘ಹಿ’.
ಅವರಲ್ಲಿ ಅವನಿಗೂ ಅವಳಿಗೂ ಒಂದೇ ಸದ್ದಂತೆ.
ನಮ್ಮಲ್ಲೂ, ಗೌರವ ಬಂದ ಕೂಡಲೇ
ಗಂಡು ಹೆಣ್ಣು ಎರಡೂ ‘ಅವರು’ ಆಗಿಬಿಡುತ್ತವೆ, ಅಂದುಕೊಂಡೆ.
ಪರೀಕ್ಷೆಗೆ ಗೌರವ ನಡೆಯುವುದಿಲ್ಲ; ಕೆಂಪು ಶಾಯಿ ಹಾಕಿದೆ.
ತಾಯಿ ಯಾಂಟಾಯ್ ಬಂದರಿನಲ್ಲಿ ಕ್ರೇನು ನಡೆಸುತ್ತಾಳೆ
ಎಂಬುದೂ ಅದೇ ವಾಕ್ಯದಲ್ಲಿತ್ತು.
ಅದನ್ನು ಓದಿದ್ದು ಎರಡನೇ ಸಲ.

ಜನವರಿಯಲ್ಲಿ ಒಂದು ಬೆಳಗ್ಗೆ ಔಯಾಂಗ್,
ಅವನೇ, ಬಾಗಿಲು ನೋಡಿದವನು,
ನೋಟ್‌ಬುಕ್ಕು ಹಿಡಿದು ಏದುಸಿರಲ್ಲಿ ಬಂದ:
‘ಮೇಡಂ, ಸ್ನರ್ ಅಂದರೇನು? ಡಿಕ್ಷನರಿಯಲ್ಲಿಲ್ಲ.’
ಬಸ್ಸಿನ ಡ್ರೈವರಮ್ಮ ಹೇಳಿದ್ದಳಂತೆ:
ರರ್ಡಿನ ತುಂಬ ಸ್ನರ್, ಲವ್, ಮನೆಗೊಂದು ಫರ್ನ್ ಮಾಡು.
ಕಿಟಕಿ ತೋರಿಸಿದೆ.
ರೋಡಿನ ಮೇಲೆ ಸ್ನೋ,
ಕೆನೆಬಣ್ಣದ ಫೋನ್ ಡಬ್ಬಿಯ ತಲೆಯ ಮೇಲೂ ಸ್ನೋ.
ಈ ಊರವರ ಬಾಯಲ್ಲಿ ‘ಓ’ ಹೀಗೆ, ಅಂದೆ.
‘ಹಾಗಾದರೆ ಇವರ ಇಂಗ್ಲಿಷೂ ತಪ್ಪೇ?’
ಎಷ್ಟು ಆಸೆಯಿಂದ ಕೇಳಿದ!
ಇಲ್ಲ ಎನ್ನಲು ಬಾಯಿ ತೆರೆದವಳು
ಹಾಜರಿ ಕರೆಯತೊಡಗಿದೆ.

ಮಾರ್ಚಿಯಲ್ಲಿ ಅಕ್ಕನ ಶೇಂಗಾ ಚಟ್ನಿ ಪಾರ್ಸಲ್ಲು ಬಂತು,
ಮೇಲೆ ದಪ್ಪಕ್ಷರದಲ್ಲಿ ಪೂರಾ ಹೆಸರು.
ಫಿಲಿಪ್ಪಾ ಪ್ರಯತ್ನಿಸಿದಳು: ಕಾಲಾ, ಕಲಕ, ಕಲಾಕಾವಾ.
ಚಟ್ನಿಗೆ ಕಣ್ಣೀರು ಒರೆಸುತ್ತಲೇ ಯಾಚಿನ್
ನಾಲಗೆಯ ತುದಿ ಮೇಲಕ್ಕೆ ಮಡಿಸಿದಳು:
ಕಳಕವ್ವ.
ತಮ್ಮ ಮಾತಿನಲ್ಲೂ ನಾಲಗೆ ಹೀಗೆ ಮಡಚಬೇಕು ಎಂದಳು,
ದೊಡ್ಡದೇನಲ್ಲ ಎಂಬಂತೆ.
ಇಪ್ಪತ್ತು ವರ್ಷ ಹೊರಗೆ ನಿಂತಿದ್ದ ಅಕ್ಷರ
ಸ್ಟಾಫ್ ರೂಮಿನ ಮೈಕ್ರೋವೇವಿನ ಪಕ್ಕ.

ಇನ್ನು ನನ್ನ ಸರದಿ.
ಯಾ ಇಳಿದು ಏಳಬೇಕು, ಚಿನ್ ಏರಬೇಕು.
ನಾನು ಏರುವಲ್ಲಿ ಇಳಿದೆ, ಇಳಿಯುವಲ್ಲಿ ಎಡವಿದೆ.
‘ಪರವಾಗಿಲ್ಲ ಮೇಡಂ, ಸಂದರ್ಭದಿಂದ ತಿಳಿಯುತ್ತದೆ.’
ಅವರ ಪ್ರಬಂಧಗಳ ಅಂಚಿಗೆ ನಾನೇ ಬರೆಯುತ್ತಿದ್ದ ಮಾತು.

ಆಗಸ್ಟಿನಲ್ಲಿ ಕೋಣೆ ಖಾಲಿ ಮಾಡುವಾಗ
ಮೇಜಿನ ಮೇಲೆ ಔಯಾಂಗನ ಕಾರ್ಡು:
‘ಥ್ಯಾಂಕ್ಯೂ. ಟು ಆನ್ ಇಂಗ್ಲಿಷ್ ಟೀಚರ್.’
ಸ್ವರದ ಮುಂದೆ ಆನ್. ಸರಿ.
ಆದರೆ ‘ದ’ ಇರಬೇಕಿತ್ತೇ?
ಅಥವಾ ಇದೇ ಸರಿಯೇ?
ಕೆಂಪು ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದೆ.
ಕೇಳೋಣವೆಂದರೆ
ಫಿಲಿಪ್ಪಾ ರಜೆಯಲ್ಲಿದ್ದಳು.