ಹದಿನೇಳನೆಯ ಬಾಟಲಿ

ಪೋರ್ಟೋದಲ್ಲಿ ಗುರುವಾರ ಬೆಳಗ್ಗೆ ಏಳಕ್ಕೆ
ಆರು ಜನ ಸೇರುತ್ತೇವೆ.
ಕಿಟಕಿಯಿಲ್ಲದ ಕೋಣೆ, ಮುನಿಸಿಕೊಂಡ ಕಾಫಿ ಯಂತ್ರ,
ಗೋಡೆಯ ತೆರೆಯ ಮೇಲೆ ಬೆಲ್ಮಿರಾಳ ಎದೆ:
ಕಪ್ಪಿರಬೇಕಾದಲ್ಲೆಲ್ಲ ಬಿಳುಪು,
ಬೀದಿಗೆ ಹಾಸಿದ ಕಲ್ಲುಗಳ ಮೇಲೆ
ಮಂಜು ಇಳಿದು ಏಳಲೊಲ್ಲದ ಹಾಗೆ.

ಮೂರು ವರ್ಷ ಆಸ್ತಮಾ ಎಂದರಂತೆ.
ಒಬ್ಬ, ವಯಸ್ಸಾಯಿತಲ್ಲಮ್ಮ, ಎಂದ.
ಇನ್ನೊಬ್ಬ ಮನಸ್ಸಿನ ಕಡೆ ಬೆರಳು ತೋರಿಸಿದ.
ಲಕ್ಷಾಂತರ ಜನರಲ್ಲಿ ಒಬ್ಬರನ್ನು ಹುಡುಕಿಕೊಂಡು ಬರುವ ಕಾಯಿಲೆಗೆ
ವಿಳಾಸ ಗೊತ್ತು, ಹೆಸರು ಹೇಳುವುದಿಲ್ಲ.
ಹೆಸರು ಸಿಕ್ಕ ದಿನ ಬೆಲ್ಮಿರಾ ಅತ್ತಳು.
ಗಂಡನ ಕಡೆ ತಿರುಗಿ,
"ಕೇಳಿದೆಯಾ, ನಾನು ನಾಟಕ ಮಾಡುತ್ತಿರಲಿಲ್ಲ."

ಗ್ರಾಸಾ ಮಂಚದ ಅಂಚಿಗೆ ಕೂತು ವಿವರಿಸಿದಳು:
ಉಸಿರಿನ ಚೀಲಗಳಲ್ಲಿ ಒಂದಿಷ್ಟು ಜಿಡ್ಡು ಎಲ್ಲರಿಗೂ ಇದ್ದದ್ದೇ.
ನಮ್ಮೊಳಗೆ ಗುಡಿಸುವವರಿದ್ದಾರೆ,
ನಿಮ್ಮವರು ಮುಷ್ಕರ ಹೂಡಿದ್ದಾರೆ.
ತೊಳೆಯಬೇಕು, ಬೆಚ್ಚನೆಯ ಉಪ್ಪುನೀರಲ್ಲಿ, ಒಂದೊಂದಾಗಿ.
ಬಲದ್ದು ನೆನೆಯುವಾಗ ಎಡದ್ದು
ಇಬ್ಬರ ಪಾಲಿನದನ್ನೂ ಉಸಿರಾಡುತ್ತದೆ.

ಬೆಲ್ಮಿರಾ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮಿಗೆ ತುಟಿ ನೀಲಿಯಾಯಿತು.
ಮೂವತ್ತೊಂದು ವರ್ಷ ಹೋಟೆಲುಗಳ ಹಾಸುಬಟ್ಟೆ ಒಗೆದವಳು;
ಮೊದಲು ಓಣಿಯ ಕಲ್ಲುತೊಟ್ಟಿಯಲ್ಲಿ,
ಆಮೇಲೆ ಯಂತ್ರಗಳು ಗುಡುಗುವ ನೆಲಮಾಳಿಗೆಯಲ್ಲಿ.
"ಎಷ್ಟು ನೀರು?"
ಹದಿನೈದು ಲೀಟರು, ಇಪ್ಪತ್ತಾದರೂ ಆಗಬಹುದು.
"ಸೋಪು?"
ಇಲ್ಲ.
"ಹಾಗಾದರೆ ಕೊನೆಯ ನೀರು ತಿಳಿಯಾಗುವ ತನಕ ಬಿಡಬೇಡಿ.
ಅರ್ಧ ಜಾಲಿಸಿದ ಬಟ್ಟೆಗಿಂತ ಕೊಳೆಬಟ್ಟೆ ವಾಸಿ."
ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಹೇಳುವ ದನಿ.

ನನ್ನ ಕೆಲಸ ಬಾಟಲಿ.
ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಬರೆಯುವುದು.
ಲೆಕ್ಕ ತಪ್ಪಿದರೆ ಮಲಗಿದವಳು ಮುಳುಗುತ್ತಾಳೆ
ಒಣ ನೆಲದ ಮೇಲೆ, ಅಷ್ಟೊಂದು ದೀಪಗಳ ಕೆಳಗೆ.

ಅನ್ಸೆಲ್ಮು ಎರಡು ದಾರಿಯ ಕೊಳವೆ ಇಳಿಸಿ
ಮೂರು ಸಲ ನೋಡಿದ, ನಾಲ್ಕನೆಯ ಸಲವೂ ನೋಡಿದ.
ಇಂಥ ದಿನ ಅವನು ತನ್ನ ಜಂಭವನ್ನು
ಕಾರಿನಲ್ಲೇ ಬೀಗ ಹಾಕಿ ಬರುತ್ತಾನೆ.
ಒಂದು ಲೀಟರು ಒಳಗೆ.
ವಲಾಡಾರೆಸ್ ಅಂಗೈ ಗುಳಿಮಾಡಿ ಪಕ್ಕೆಗೆ ತಟ್ಟಿದ,
ಕೂಸಿಗೆ ತೇಗು ಬರಿಸುವಂತೆ,
ಆಮೇಲೆ, ಒಳಗಿದ್ದೂ ತೆರೆಯದವರ ಬಾಗಿಲು ಬಡಿಯುವಂತೆ.
ಬಾಟಲಿಯನ್ನು ನೆಲಕ್ಕಿಟ್ಟೆ.
ಬಂತು.

ಮೊದಲನೆಯದು ಗೋಡೆಗೆ ಬಳಿಯಬಹುದಾದ ಸುಣ್ಣ.
ಐದನೆಯದು ಹಾಲು.
ಒಂಬತ್ತು, ಅಕ್ಕಿ ತೊಳೆದ ನೀರು.
ಸಾಲಾಗಿ ಇಟ್ಟಿದ್ದೆ; ತಳದಲ್ಲಿ ಗಷ್ಟು ಕೂರುತ್ತಿತ್ತು,
ಮೂರು ವರ್ಷದ ಮೆಟ್ಟಿಲುಗಳು,
ಹತ್ತಲಾಗದೆ ಮಧ್ಯೆ ನಿಂತು ಚೀಲ ನೋಡುವಂತೆ ನಟಿಸಿದ್ದು.

ಹನ್ನೆರಡರಲ್ಲಿ ಯಂತ್ರದ ದನಿ ಇಳಿಯಿತು.
ತೊಂಬತ್ತು. ಎಂಬತ್ತಾರು. ಎಂಬತ್ತೊಂದು.
ವಲಾಡಾರೆಸನ ಕೈ ಗಾಳಿಯಲ್ಲೇ ನಿಂತಿತು.
ನಾವೆಲ್ಲ ಉಸಿರು ಹಿಡಿದೆವು,
ಉಳಿಸಿದ್ದನ್ನು ಅವಳಿಗೆ ಕೊಡಬಹುದು ಎಂಬಂತೆ.
ಅನ್ಸೆಲ್ಮು ಏನೋ ತಿರುಗಿಸಿದ, ಏನೋ ಗೊಣಗಿದ, ಬಹುಶಃ ಬೈಗುಳ.
ಎಂಬತ್ತನಾಲ್ಕು.
ಕಾದೆವು.
ತೊಂಬತ್ತೊಂದು.

ಹದಿನೈದಕ್ಕೆ ಅವನು, ಸಾಕು, ಎಂದ. ನಾಲ್ಕು ಗಂಟೆಯಾಗಿತ್ತು.
ಗ್ರಾಸಾ ಬಾಟಲಿಯನ್ನು ದೀಪಕ್ಕೆ ಹಿಡಿದಳು.
ಕೇಳದೆ ಮಾತಾಡುವವಳಲ್ಲ ನಾನು.
"ತಿಳಿಯಾಗುವ ತನಕ ಅಂದಿದ್ದಾಳೆ" ಎಂದೆ.
ಯಾರೂ ನನ್ನ ಕಡೆ ನೋಡಲಿಲ್ಲ.
ಅನ್ಸೆಲ್ಮು ಅಂಕಿಗಳನ್ನು ನೋಡಿದ, ತಲೆಯಾಡಿಸಿದ.
ಇನ್ನೆರಡು.
ಹದಿನೇಳನೆಯದರ ಆಚೆ ಗೋಡೆಗಡಿಯಾರದ
ಸೆಕೆಂಡಿನ ಮುಳ್ಳು ಕಂಡಿತು.

ಮರುದಿನ ಸಂಜೆ, ಗಂಟಲು ಕರ್ಕಶ, ಕೆನ್ನೆಗೆ ಬಣ್ಣ.
ಮೊದಲು ನೀರು ಕೇಳಿದಳು, ಆಮೇಲೆ ಆ ನೀರು.
ನಿಯಮದಲ್ಲಿಲ್ಲ. ಎರಡು ತೆಗೆದಿಟ್ಟಿದ್ದೆ.
ಮೊದಲನೆಯದನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.
ಕೊನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು,
ಕಣ್ಣು ಕಿರಿದು ಮಾಡಿ, ಅಲ್ಲಾಡಿಸಿ,
ಬಹಳ ಹೊತ್ತು ನೋಡಿ,
"ಇನ್ನೊಂದು ಸಲ ಜಾಲಿಸಬೇಕಿತ್ತು."

ಎಡದ್ದು ಬಾಕಿ ಇದೆ.
ಮೂರು ವಾರ ಬಿಟ್ಟು, ಮಂಗಳವಾರ.