ಎರಡೂವರೆ ಅಂಕ

ತಪಸ್ಸುಕಾಲದ ಮೂರನೆಯ ಗುರುವಾರ, ದುರ್ಗಿಗುಡಿಯ ಬಾಡಿಗೆ ಮನೆ.
ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ,
ನಿಲ್ಲಿಸಿದರೆ ನಾನು ಬೇಯುತ್ತೇನೆ.
ಹತ್ತನೆಯ ಬಿ ವಿಭಾಗ, ಪ್ರಥಮ ಭಾಷೆ ಕನ್ನಡ,
ನಲವತ್ತಮೂರು ಉತ್ತರಪತ್ರಿಕೆ,
ಮೇಲೆ ತೂಕಕ್ಕೆ ಉಪ್ಪಿನಕಾಯಿ ಜಾಡಿಯ ಮುಚ್ಚಳ.

ರೂಪಕಾಲಂಕಾರವನ್ನು ಉದಾಹರಣೆಯೊಂದಿಗೆ ವಿವರಿಸಿ. ಮೂರು ಅಂಕ.
ನಾನು ಹಲಗೆಯ ಮೇಲೆ ಬರೆದಿದ್ದ ಮುಖವನ್ನೇ
ಎಲ್ಲರೂ ಹೊತ್ತು ತಂದಿದ್ದಾರೆ:
ನಲವತ್ತು ಕಮಲ, ಎರಡು ಕಮಳ.
ಆಮೇಲೆ ಚೌರಿರಾಜ, ಹಿಂದಿನ ಬೆಂಚು, ಎಡಗೈ ಬರಹ:

"ನಮ್ಮ ಅಮ್ಮ ಶುಕ್ರವಾರ ಕಾನ್ವೆಂಟಿನಲ್ಲಿ ಪೂಜೆಯ ರೊಟ್ಟಿ ಮಾಡುತ್ತಾರೆ.
ಶುಕ್ರವಾರ ಅದು ಹಿಟ್ಟು ಮತ್ತು ನೀರು. ಉಪ್ಪು ಇಲ್ಲ.
ಕತ್ತರಿಸಿ ಉಳಿದ ಅಂಚು ನನಗೆ. ತಿಂದರೆ ಏನೂ ಆಗುವುದಿಲ್ಲ.
ಭಾನುವಾರ ಗುರುಗಳು ಎತ್ತಿ ಹಿಡಿದಾಗ ಅದು ದೇವರು.
ದೇವರ ಹಾಗೆ ಅಲ್ಲ, ದೇವರಂತೆ ಅಲ್ಲ.
ಹಾಗೆ, ಅಂತೆ ಬಂದರೆ ಉಪಮೆ.
ಇಲ್ಲಿ ಎರಡೂ ಒಂದೇ. ಆದ್ದರಿಂದ ರೂಪಕ."

ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು
ಉಪಮೇಯ: ರೊಟ್ಟಿ.
ಉಪಮಾನ:
ಆಮೇಲೆ ಖಾಲಿ. ಪೆನ್ನೂರಿ ಯೋಚಿಸಿದ ಮಸಿಯ ಚುಕ್ಕೆ.

ನಮ್ಮ ಮನೆಯಲ್ಲಿ ಜಪ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ.
ಧರ್ಮೋಪದೇಶ ಹೇಳಿಕೊಟ್ಟ ಮೊಂತಿಬಾಯಿ
ಬೆತ್ತದ ತುದಿಯಿಂದ ನನ್ನ ಗದ್ದ ಎತ್ತಿ ಹೇಳಿದ್ದಳು:
ಅದು ಗುರುತಲ್ಲ ಫ್ಲೋರಿನ್, ಅದು ನಿಜ.
ಅಲಂಕಾರ ಕಲಿಸಿದ ಅವಧಾನಿ ಮೇಷ್ಟ್ರು
ನಶ್ಯದ ಡಬ್ಬಿ ತಟ್ಟುತ್ತ ಹೇಳಿದ್ದರು:
ಮುಖ ಎಂದೂ ಕಮಲವಾಗುವುದಿಲ್ಲ ತಾಯಿ,
ಕವಿ ಆರೋಪಿಸುತ್ತಾನೆ, ಅಷ್ಟೆ.
ಇಬ್ಬರೂ ತೀರಿಹೋಗಿದ್ದಾರೆ.
ಸರಿ ಹಾಕಿದರೆ ಬಾಯಿ ಎದ್ದು ಬರುತ್ತಾಳೆ,
ತಪ್ಪು ಹಾಕಿದರೆ ಯಾರು ಬರುತ್ತಾರೋ ತಿಳಿಯದು.
ಕೆಂಪು ಪೆನ್ನಿನ ಟೋಪಿ ಮುಚ್ಚಿ ಮಲಗಿದೆ.

ಮರುದಿನ ಶಿಲುಬೆ ಹಾದಿ ಮುಗಿದ ಮೇಲೆ
ಮಂಡಿ ಉಜ್ಜಿಕೊಳ್ಳುತ್ತ ಕಾನ್ವೆಂಟಿನ ಹಿಂಬಾಗಿಲಿಗೆ ಹೋದೆ.
ಸಹಾಯಮ್ಮ ಕಬ್ಬಿಣದ ಅಚ್ಚು ಒರೆಸುತ್ತಿದ್ದಳು.
ಭದ್ರಾವತಿಯ ಯಾವನೋ ಫಿಟ್ಟರು ಮಾಡಿಕೊಟ್ಟದ್ದಂತೆ,
ಅದರೊಳಗಿನ ಶಿಲುಬೆಗೆ ಒಂದು ಕೈ ಗಿಡ್ಡ.
"ನಮ್ಮ ಹುಡುಗ ಹೇಗೆ ಬರೆದಿದ್ದಾನೆ ಟೀಚರ್?"
ಉಪಮಾನ ಬಿಟ್ಟಿದ್ದಾನೆ ಅಂದೆ.
"ಬೈಯಿರಿ. ಎಲ್ಲಿ ಹೋದರೂ ಏನಾದರೂ ಬಿಟ್ಟೇ ಬರುತ್ತಾನೆ,
ಮೊನ್ನೆ ಊಟದ ಡಬ್ಬಿ."
ಕೇಳದೆಯೇ ತೋರಿಸಿದಳು: ಜೇನುಮೇಣ ಇಷ್ಟೇ ಇಷ್ಟು,
ಹೆಚ್ಚಾದರೆ ಕಲೆ, ಕಡಿಮೆಯಾದರೆ ಕೈಗೆ ಬರುವುದೇ ಇಲ್ಲ.
ಪೇಪರಿನ ಪೊಟ್ಟಣದಲ್ಲಿ ಅಂಚಿನ ಚೂರು ಕೊಟ್ಟಳು.
"ತಿನ್ನಿ, ಇದಿನ್ನೂ ಏನೂ ಅಲ್ಲ."
ನನ್ನ ಉಪವಾಸ ನೆನಪಾಗಿದ್ದು
ಅರ್ಧ ಪೊಟ್ಟಣ ಮುಗಿದ ಮೇಲೆ.

ರಾತ್ರಿ ಅಂಕ ಹಾಕಿದೆ. ಲಕ್ಷಣ ಒಂದು, ಉದಾಹರಣೆ ಒಂದು, ಸಮನ್ವಯ ಅರ್ಧ.
ಖಾಲಿ ಜಾಗದ ಎದುರು ಒಂದು ಪ್ರಶ್ನೆಚಿಹ್ನೆ ಬರೆದೆ,
ಹೊಡೆದುಹಾಕಿದೆ, ಮತ್ತೆ ಬರೆದೆ.
ಒಟ್ಟು ಕೂಡಿದರೆ ಮೂವತ್ತನಾಲ್ಕೂವರೆ.
ಪಾಸಿಗೆ ಮೂವತ್ತೈದು.

ಹೆಡ್‌ಮಿಸ್ ಸಿಸ್ಟರ್ ಲಿದ್ವಿನ್ ಕನ್ನಡಕ ಹಣೆಗೇರಿಸಿ
ಅಂಕಪಟ್ಟಿಯಲ್ಲಿ ಅರ್ಧಕ್ಕೆ ಕಾಲಂ ಇಲ್ಲವಲ್ಲ ಎಂದರು,
ಅರ್ಧ ಸೇರಿಸಿ ಸಹಿ ಹಾಕಿದರು.
ಯಾವ ಪ್ರಶ್ನೆಗೆ ಅಂತ ಬರೆಯಲಿ ಸಿಸ್ಟರ್?
ಯಾವುದಕ್ಕೂ ಅಲ್ಲ, ಕೃಪಾಂಕ ಅಂತ ಬರೆಯಿರಿ.
ಗಂಟೆ ಹೊಡೆಯಿತು. ಅವರು ಹಾಲಿನ ಲೆಕ್ಕ ತೆಗೆದರು.

ಭಾನುವಾರ ಸಾಲಿನಲ್ಲಿ ನನ್ನ ಮುಂದೆಯೇ ಚೌರಿರಾಜ,
ಅಂಗಿ ಹಿಂದೆ ಹೊರಬಂದಿದೆ.
ಬೇಕಾದ್ದಕ್ಕಿಂತ ಜೋರಾಗಿ ಆಮೆನ್ ಅಂದು
ತಿರುಗಿದ, ನನ್ನ ನೋಡಿದ,
ಅಂಕ ಗೊತ್ತಿರುವವರ ಮುಂದೆ ತಗ್ಗುವ ಹಾಗೆ ಕಣ್ಣು ತಗ್ಗಿಸಿದ.

ನನ್ನ ಸರದಿ.
ಗುರುಗಳು ಹೇಳಿದ್ದು ಎರಡೇ ಪದ.
ಮೂವತ್ತು ವರ್ಷದಲ್ಲಿ ಮೊದಲ ಸಲ
ಕಿವಿಗೊಟ್ಟು ಕೇಳಿಸಿಕೊಂಡೆ:
ನಡುವೆ ಎಲ್ಲೂ "ಅಂತೆ" ಇರಲಿಲ್ಲ.
ಬಾಯಿ ತೆರೆದೆ.
ಅಂಗುಳಿಗೆ ಅಂಟಿತು, ಎಂದಿನಂತೆ.